ಓದುಗರ ಪ್ರಶ್ನೆ: ನಾನೊಬ್ಬ ಉಳಿಸಿದ ನೀರು ಯಾರ ಪಾಲು?

ಈ ಸಲ ಬಂದ ಪತ್ರಗಳ ಊರು ಬೇರೆ, ತೊಂದರೆ ಬೇರೆ. ಒಳಗಿನ ಮಾತು ಮಾತ್ರ ಒಂದೇ: ನಾನು ಉಳಿಸುತ್ತೇನೆ, ಪಕ್ಕದವರು ಚೆಲ್ಲುತ್ತಾರೆ, ಹೀಗಾದರೆ ಹೇಗೆ? ಬೋರ್, ಕೆರೆ, ಹಳ್ಳ, ನಲ್ಲಿ, ಸಂಪು ಯಾವುದೇ ಇರಲಿ, ಹಲವರು ಹಂಚಿಕೊಳ್ಳುವ ನೀರಿಗೆ ಅಳತೆಯೂ ಕಟ್ಟಳೆಯೂ ಎಲ್ಲರ ಕಣ್ಣಮುಂದೆ ಇರಬೇಕು. ಅದನ್ನು ಮಾಡುವ ಬಗೆಯನ್ನೇ ಈ ಉತ್ತರಗಳಲ್ಲಿ ಆದಷ್ಟು ಬಿಡಿಸಿ ಹೇಳಿದ್ದೇವೆ.

ಇಂಗಿಸುವವನು ನಾನು, ಎತ್ತುವವನು ಅವನು

*ನನ್ನ ಬೋರ್ 420 ಅಡಿ. ಪಕ್ಕದ ತೋಟದವರು 900 ಅಡಿ ಕೊರೆಸಿದ ಮೇಲೆ ನನ್ನದು ಗಾಳಿ ಉಗುಳುತ್ತಿದೆ. ಇಂಗುಗುಂಡಿ ಮಾಡಿಸಿ ಎನ್ನುತ್ತಾರೆ. ನಾನು ದುಡ್ಡು ಹಾಕಿ ಇಂಗಿಸಿದ್ದನ್ನು ಅವರು ಎತ್ತಿಕೊಂಡರೆ ನನಗೇನು ಬಂತು?*
— ರೈತರು, ಶಿರಾ ತಾಲ್ಲೂಕು

ನಿಮ್ಮ ಅನುಮಾನ ನಿಜ. ಇಂಗಿಸಿದ ನೀರಿನಲ್ಲಿ ಒಂದು ಪಾಲು ಅವರ ಬೋರಿಗೆ ಹೋಗೇ ಹೋಗುತ್ತದೆ. ತುಮಕೂರು, ಚಿತ್ರದುರ್ಗ, ಕೋಲಾರದ ನೆಲದಡಿ ಇರುವುದು ಗಟ್ಟಿ ಕಲ್ಲು. ಮೇಲಿನ ಶಿಥಿಲ ಪದರದಲ್ಲಿ ಮತ್ತು ಅದರ ಕೆಳಗಿನ ಬಿರುಕುಗಳಲ್ಲಿ ಮಾತ್ರ ನೀರು ನಿಲ್ಲುತ್ತದೆ. ಆಳಕ್ಕೆ ಕೊರೆದವರಿಗೆ ಬೇರೆಯದೇ ಒಂದು ಕೊಡ ಸಿಗುತ್ತದೆ ಎಂಬುದು ತಪ್ಪು ಎಣಿಕೆ. ಬಿರುಕುಗಳು ಒಂದಕ್ಕೊಂದು ಕೂಡಿರುವ ಕಡೆ ಆಳದ ಬೋರ್ ಮೇಲಿನ ನೀರನ್ನೇ ಕೆಳಗಿನಿಂದ ಎಳೆಯುತ್ತದೆ. ಹಾಗಾಗಿ ಒಬ್ಬರೇ ಗುಂಡಿ ತೋಡುವ ಮೊದಲು ಊರಿನ ಹತ್ತಿಪ್ಪತ್ತು ಬೋರಿನವರು ಒಟ್ಟಿಗೆ ಕೂತು ಲೆಕ್ಕ ಹಾಕಬೇಕು. ಲೆಕ್ಕ ಕಷ್ಟದ್ದಲ್ಲ, ಶಾಲೆಯ ಗೋಡೆಯ ಮೇಲೆ ಸುಣ್ಣದಲ್ಲಿ ಬರೆಯುವಷ್ಟು ಸರಳ.

ಒಂದು ಹೆಕ್ಟೇರಿನ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ 10,000 ಲೀಟರ್. ಊರಿನ ಎಲ್ಲೆ 500 ಹೆಕ್ಟೇರ್, ವರ್ಷದ ಮಳೆ 500 ಮಿ.ಮೀ. ಎಂದು ಇಟ್ಟುಕೊಳ್ಳಿ. ಬಿದ್ದದ್ದು 250 ಕೋಟಿ ಲೀಟರ್. ಕೇಳಲು ದೊಡ್ಡದು. ಆದರೆ ಗಟ್ಟಿ ಕಲ್ಲಿನ ಸೀಮೆಯಲ್ಲಿ ಅಂತರ್ಜಲಕ್ಕೆ ಇಳಿಯುವುದು ನೂರಕ್ಕೆ ಎಂಟರ ಆಸುಪಾಸು. ಉಳಿದದ್ದು ಆವಿಯಾಗುತ್ತದೆ, ಮಣ್ಣಿನಲ್ಲಿ ನಿಂತು ಬೆಳೆಗೆ ಹೋಗುತ್ತದೆ, ಹರಿದುಹೋಗುತ್ತದೆ. ಕೈಗೆ ಸಿಕ್ಕಿದ್ದು 20 ಕೋಟಿ ಲೀಟರ್. ಸಾವಿರ ಜನಕ್ಕೆ ದಿನಕ್ಕೆ ತಲಾ 55 ಲೀಟರಿನಂತೆ ವರ್ಷಕ್ಕೆ 2 ಕೋಟಿ, 300 ದನಗಳಿಗೆ ಸುಮಾರು 55 ಲಕ್ಷ. ಬೇಸಾಯಕ್ಕೆ ಉಳಿಯುವುದು ಹದಿನೇಳೂವರೆ ಕೋಟಿ.

ಈಗ ನಿಮ್ಮ ಬೋರನ್ನು ಅಳೆಯಿರಿ. 200 ಲೀಟರ್ ಡ್ರಮ್ 80 ಸೆಕೆಂಡಿನಲ್ಲಿ ತುಂಬಿದರೆ ಗಂಟೆಗೆ 9,000 ಲೀಟರ್. ದಿನಕ್ಕೆ ಆರು ಗಂಟೆ, ವರ್ಷಕ್ಕೆ 200 ದಿನ ಓಡಿದರೆ 1 ಕೋಟಿ 8 ಲಕ್ಷ. ಅಂದರೆ ಇಂಥ ಹದಿನಾರು ಬೋರು ಸಾಕು, ಊರಿನ ವರ್ಷದ ಗಳಿಕೆ ಮುಗಿಯಿತು. ಹದಿನೇಳನೆಯವರು ಕೊರೆಸಿದಾಗ ಹೊಸ ನೀರು ಬರುವುದಿಲ್ಲ, ಯಾರದೋ ಪಾಲು ಜಾಗ ಬದಲಿಸುತ್ತದೆ. ಸಭೆಯಲ್ಲಿ ಯಾರನ್ನೂ ಬೈಯದೆ ಈ ಅಂಕಿಗಳನ್ನಷ್ಟೇ ಬರೆದು ತೋರಿಸಿ.

ಅದೇ ಗೋಡೆಯ ಮೇಲೆ ಬೆಳೆಯ ಲೆಕ್ಕವೂ ಬರಲಿ. ಒಂದೆಕರೆ ಭತ್ತಕ್ಕೆ 48 ಲಕ್ಷ ಲೀಟರ್ ಹತ್ತಿರ ಬೇಕು. ಹನಿ ನೀರಾವರಿಯ ತರಕಾರಿಗೆ 20 ಲಕ್ಷ. ಮಳೆಯಾಶ್ರಿತ ರಾಗಿ ಒಣಗುವ ಹೊತ್ತಿನಲ್ಲಿ ಒಂದು ಸಲ ಎರಡಂಗುಲ ನೀರು ಕೊಟ್ಟು ಉಳಿಸಲು 2 ಲಕ್ಷ. ಹದಿನೇಳೂವರೆ ಕೋಟಿಯಲ್ಲಿ ಭತ್ತವಾದರೆ 36 ಎಕರೆ, ಹನಿಯಲ್ಲಿ ತರಕಾರಿಯಾದರೆ 87 ಎಕರೆ. ಮಹಾರಾಷ್ಟ್ರದ ಹಿವರೆ ಬಜಾರ್ ಗ್ರಾಮದಲ್ಲಿ ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಹೀಗೆ ಲೆಕ್ಕ ಹಾಕಿ ಯಾವ ಬೆಳೆ ಎಂಬುದನ್ನು ಗ್ರಾಮಸಭೆಯಲ್ಲೇ ತೀರ್ಮಾನಿಸುತ್ತಾರೆ. ಬೇಸಾಯಕ್ಕೆ ಬೋರ್ ಕೊರೆಸಬಾರದು, ಕಬ್ಬು ಬಾಳೆ ಬೆಳೆಯಬಾರದು ಎಂಬುದು ಅವರೇ ಹಾಕಿಕೊಂಡ ಕಟ್ಟು. ನಿಮ್ಮೂರಿಗೆ ಅಷ್ಟು ಬಿಗಿ ಬೇಡ ಎನಿಸಿದರೆ ಮೂರು ವರ್ಷ ಹೊಸ ಬೋರ್ ಇಲ್ಲ, ಬೇಸಿಗೆ ಭತ್ತ ಇಲ್ಲ ಎಂಬ ಎರಡೇ ಮಾತಿನಿಂದ ಶುರುಮಾಡಿ. ಮೇ ಕೊನೆಗೆ ಒಮ್ಮೆ, ನವೆಂಬರಿನಲ್ಲಿ ಒಮ್ಮೆ ನಾಲ್ಕೈದು ಬೋರಿನ ನೀರಿನ ಮಟ್ಟ ಅಳೆದು ಅದೇ ಗೋಡೆಯ ಮೇಲೆ ಬರೆಯಿರಿ. ಹಿಂದಿನ ರಾತ್ರಿಯಿಂದ ಮೋಟಾರ್ ನಿಲ್ಲಿಸಿರಬೇಕು, ಇಲ್ಲದಿದ್ದರೆ ಅಳತೆ ಸುಳ್ಳಾಗುತ್ತದೆ.

ಇನ್ನು ಗುಂಡಿಯ ವಿಷಯ. ಬೋರಿನ ಬಾಯಿಗೆ ಇಳಿಸಿದ ಕೇಸಿಂಗ್ ಪೈಪಿನ ಸುತ್ತ ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಆಳ ತೆಗೆಸಿ. ಗುಂಡಿಯ ಕೆಳಭಾಗದಲ್ಲಿರುವ ಕೇಸಿಂಗ್ ಪೈಪಿಗೆ ಕಾಲಂಗುಲದ ತೂತು ಹಾಕಿ, ಸಣ್ಣ ಕಣ್ಣಿನ ನೈಲಾನ್ ಜಾಲರಿಯನ್ನು ಎರಡು ಮೂರು ಸುತ್ತು ಬಿಗಿದು ಕಟ್ಟಿ. ಅಡಿಯಿಂದ ಐದಡಿ ದಪ್ಪ ಕಲ್ಲು, ಎರಡಡಿ 40 ಮಿ.ಮೀ. ಜಲ್ಲಿ, ಒಂದಡಿ 20 ಮಿ.ಮೀ. ಜಲ್ಲಿ, ಅದರ ಮೇಲೆ ಜಾಲರಿ ಹಾಸಿ ಒಂದಡಿ ಮರಳು. ಮೇಲಿನ ಒಂದಡಿ ನೀರು ನಿಲ್ಲಲು ಖಾಲಿ ಬಿಡಿ. ನೀರು ಬರುವ ದಿಕ್ಕಿನಲ್ಲಿ ಆರಡಿ ಉದ್ದ, ನಾಲ್ಕಡಿ ಅಗಲ, ನಾಲ್ಕಡಿ ಆಳದ ಹೂಳುಗುಂಡಿ ಇರಲೇಬೇಕು. ಹೆಚ್ಚು ಕಡೆ ಕೆಡುವುದು ಇಲ್ಲೇ. ಹೂಳುಗುಂಡಿ ಇಲ್ಲದೆ ಕೆಂಪು ನೀರು ನೇರ ಇಳಿದರೆ ಎರಡೇ ಮಳೆಗಾಲದಲ್ಲಿ ಬಿರುಕುಗಳಿಗೆ ಜೇಡಿ ತುಂಬಿಕೊಳ್ಳುತ್ತದೆ, ಅದನ್ನು ಮತ್ತೆ ತೆಗೆಯಲಾಗುವುದಿಲ್ಲ. ಪ್ರತಿ ಮುಂಗಾರಿಗೆ ಮೊದಲು ಮೇಲಿನ ಎರಡಂಗುಲ ಮರಳು ಹೆರೆದು ಹೊಸದು ಹಾಕಿ. ಕೊಟ್ಟಿಗೆ, ತಿಪ್ಪೆ, ಗೊಬ್ಬರ ಔಷಧಿ ಕಲಸುವ ಜಾಗದಿಂದ ಹರಿಯುವ ನೀರು ಈ ಕಡೆ ಸುಳಿಯಬಾರದು.

ಕೇಸಿಂಗಿಗೆ ತೂತು ಹಾಕುವ ಈ ವಿಧಾನ ಬತ್ತಿದ ಬೋರಿಗೆ ಸರಿ. ಮನೆಗೆ ಕುಡಿಯಲು ಇರುವುದು ಅದೊಂದೇ ಬೋರಾದರೆ ನಮ್ಮ ಸಲಹೆ ಬೇರೆ: ಕೇಸಿಂಗ್ ಮುಟ್ಟಬೇಡಿ, ಇಪ್ಪತ್ತಡಿ ದೂರದಲ್ಲಿ ಗುಂಡಿ ತೋಡಿ, ನೀರು ಮಣ್ಣಿನಲ್ಲಿ ಸೋಸಿಕೊಂಡೇ ಇಳಿಯಲಿ. ನಿಧಾನ ಹೌದು, ಆದರೆ ರೋಗ ಇಳಿಯುವುದಿಲ್ಲ.

ಪಕ್ಕದವರು ಕೊರೆಸಿದ ಜಾಗ ಪಂಚಾಯಿತಿಯ ಕುಡಿಯುವ ನೀರಿನ ಬೋರಿಗೆ 500 ಮೀಟರ್ ಒಳಗಿದೆಯೇ ನೋಡಿ. ಇದ್ದರೆ ಕುಡಿಯುವ ನೀರಿನ ಮೂಲಗಳ ರಕ್ಷಣೆಗಾಗಿ ಮಾಡಿದ 1999ರ ಅಂತರ್ಜಲ ಕಾಯ್ದೆಯಂತೆ ಅದಕ್ಕೆ ಮುಂಚಿತ ಅನುಮತಿ ಬೇಕಿತ್ತು.

ನಲ್ಲಿಗೆ ಮೋಟಾರ್ ಕಟ್ಟುವವರು

*ಮನೆಮನೆಗೆ ನಲ್ಲಿ ಬಂದಿದೆ. ಮೇಲಿನ ಓಣಿಯವರು ಪೈಪಿಗೇ ಮೋಟಾರ್ ಹಾಕಿ ಎಳೆಯುತ್ತಾರೆ, ಕೊನೆಯ ಓಣಿಗೆ ತೊಟ್ಟೂ ಬರುವುದಿಲ್ಲ. ಎರಡು ಸಲ ಮೋಟಾರ್ ಕಿತ್ತುಕೊಂಡು ಬಂದೆವು, ಜಗಳವಾಯಿತೇ ಹೊರತು ನಿಲ್ಲಲಿಲ್ಲ.*
— ಗ್ರಾಮ ಪಂಚಾಯಿತಿ ಸದಸ್ಯೆ, ಹಾವೇರಿ ಜಿಲ್ಲೆ

ಮೋಟಾರ್ ಕಟ್ಟುವವರೆಲ್ಲ ದುರಾಸೆಯವರಲ್ಲ. ಪೈಪಿನ ಒತ್ತಡದಲ್ಲಿ ನೀರು ಮಾಳಿಗೆಯ ಟ್ಯಾಂಕಿಗೆ ಏರುವುದಿಲ್ಲ ಎಂಬುದೇ ಅನೇಕರ ಕಾರಣ. ಅವರಿಗೆ ದಾರಿ ತೋರಿಸಿ: ನಲ್ಲಿಯಿಂದ ನೆಲದ ಮೇಲಿನ 500 ಲೀಟರ್ ಡ್ರಮ್ಮಿಗೋ ತೊಟ್ಟಿಗೋ ತಾನಾಗಿ ತುಂಬಿಸಿಕೊಳ್ಳಲಿ, ಆಮೇಲೆ ಆ ತೊಟ್ಟಿಯಿಂದ ಮೋಟಾರ್ ಹಾಕಿ ಮೇಲೇರಿಸಲಿ. ತಡೆಯಬೇಕಾದ್ದು ಸಾರ್ವಜನಿಕ ಪೈಪಿಗೆ ನೇರ ಕಟ್ಟುವ ಮೋಟಾರನ್ನು ಮಾತ್ರ.

ಎರಡನೆಯ ಮಾತನ್ನು ಮಹಿಳೆಯರ ಸಭೆಯಲ್ಲಿ ಹೇಳಿ, ದಂಡಕ್ಕಿಂತ ಬೇಗ ಕೆಲಸ ಮಾಡುತ್ತದೆ. ಪೈಪಿನಿಂದ ಮೋಟಾರ್ ಎಳೆದಾಗ ಒಳಗೆ ಒತ್ತಡ ಇಳಿದು, ಸಡಿಲವಾದ ಜಾಯಿಂಟು ಚರಂಡಿಯ ಪಕ್ಕದಲ್ಲಿದ್ದರೆ ಕೊಳಚೆ ಒಳಕ್ಕೆ ನುಗ್ಗುತ್ತದೆ. ಅದು ಮೊದಲು ಹೋಗುವುದು ಮೋಟಾರ್ ಹಾಕಿದವರ ಮನೆಗೇ. ಭೇದಿ ಕಾಣಿಸಿಕೊಂಡ ಓಣಿಯಲ್ಲಿ ಮೊದಲು ಹುಡುಕಬೇಕಾದ್ದು ಇದನ್ನೇ.

ತಲಾ 55 ಲೀಟರಿನಂತೆ ಐದು ಜನರ ಮನೆಗೆ ದಿನಕ್ಕೆ 275 ಲೀಟರ್ ಸಲ್ಲಬೇಕು. ನಲ್ಲಿಯಲ್ಲಿ ನಿಮಿಷಕ್ಕೆ 7 ಲೀಟರ್ ಬಂದರೆ 40 ನಿಮಿಷ ಸಾಕು. 20 ಲೀಟರ್ ಬಕೆಟ್ ಹಿಡಿದು ಮೊದಲ ಮನೆ, ನಡುವಿನ ಮನೆ, ಕೊನೆಯ ಮನೆಯಲ್ಲಿ ಎಷ್ಟು ಹೊತ್ತಿಗೆ ತುಂಬುತ್ತದೆ ಎಂದು ಒಂದೇ ದಿನ ಅಳೆಯಿರಿ. ಮೊದಲ ಮನೆಯಲ್ಲಿ ಒಂದೂವರೆ ನಿಮಿಷ, ಕೊನೆಯಲ್ಲಿ ಆರು ನಿಮಿಷವಾದರೆ ಮೋಟಾರಿನ ಜೊತೆಗೆ ವಾಲ್ವಿನದ್ದೂ ತಪ್ಪಿದೆ. ಓಣಿಗೊಂದು ವಾಲ್ವ್ ಇಟ್ಟು ಸರದಿಯಲ್ಲಿ ಬಿಡಬೇಕು. ವಾರದಲ್ಲಿ ಮೂರು ದಿನ ಕೊನೆಯ ಓಣಿಗೇ ಮೊದಲ ಸರದಿ ಕೊಡಿ. ನಲ್ಲಿಯ ಬುಡದಲ್ಲಿ ಹರಿವು ಮಿತಿಗೊಳಿಸುವ ವಾಲ್ವ್ ಕೂರಿಸಿದರೆ ಇಳಿಜಾರಿನ ಮನೆಗಳು ಹೆಚ್ಚು ಎಳೆಯುವುದು ತಗ್ಗುತ್ತದೆ.

ಕಟ್ಟಳೆಯನ್ನು ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿ ಬರೆಯಲಿ. ಅದರಲ್ಲಿ ಅರ್ಧ ಮಹಿಳೆಯರಿರಬೇಕೆಂಬುದು ನಿಯಮ. ಒಂದು ತಿಂಗಳು ಗಡುವು, ಆ ತಿಂಗಳಲ್ಲಿ ಮೋಟಾರ್ ಬಿಚ್ಚಿ ತೊಟ್ಟಿಗೆ ಬದಲಿಸಲು ಸಮಿತಿಯ ಖರ್ಚಿನಲ್ಲಿ ಪ್ಲಂಬರ್, ಆಮೇಲೆ ಸಣ್ಣ ದಂಡ. ಆ ದಂಡ ಸದಸ್ಯರ ಮನೆಗೂ ತಪ್ಪಬಾರದು. ಐದು ಸಾವಿರ ಎಂದು ಬರೆದು ಯಾರಿಂದಲೂ ವಸೂಲಿ ಮಾಡದಿದ್ದರೆ ಆ ಹಾಳೆಗೆ ಬೆಲೆಯಿಲ್ಲ.

ಬಿಲ್ಲು ಸಮಪಾಲು, ಬಳಕೆ ಮನಸೋಇಚ್ಛೆ

*64 ಮನೆಗಳ ಅಪಾರ್ಟ್‌ಮೆಂಟ್. ನೀರಿನ ಖರ್ಚು ಎಲ್ಲರಿಗೂ ಸಮ ಹಂಚುತ್ತೇವೆ. ಬೇಸಿಗೆಯಲ್ಲಿ ದಿನಕ್ಕೆ ಐದು ಟ್ಯಾಂಕರ್. ಲಿಫ್ಟಿನಲ್ಲಿ ಅಂಟಿಸಿದ ಪೋಸ್ಟರ್ ಯಾರೂ ಓದುವುದಿಲ್ಲ.*
— ನಿವಾಸಿಗಳ ಸಂಘದ ಕಾರ್ಯದರ್ಶಿ, ಬೆಂಗಳೂರು ಪೂರ್ವ

ಇಬ್ಬರಿರುವ ಮನೆಗೂ ಏಳು ಜನರ ಮನೆಗೂ ಒಂದೇ ಬಿಲ್ಲು ಬರುವವರೆಗೆ ಪೋಸ್ಟರ್ ಏನು ಮಾಡೀತು? ಮೀಟರ್ ಬೇಕು. ಆದರೆ ಮನೆಮನೆಯ ಮೀಟರಿಗೆ ನೇರ ಹೋಗಬೇಡಿ, ಮೊದಲು ಕಟ್ಟಡದ ಲೆಕ್ಕ ಹಿಡಿಯಿರಿ. ಕಾವೇರಿ ನೀರು ಸಂಪಿಗೆ ಬರುವಲ್ಲಿ, ಬೋರಿನ ಪೈಪಿನಲ್ಲಿ, ಟ್ಯಾಂಕರ್ ಸುರಿಯುವಲ್ಲಿ ಒಂದೊಂದು ಮೀಟರ್. ಬೆಳಿಗ್ಗೆ ಆರಕ್ಕೆ ಕಾವಲುಗಾರರು ಮೂರೂ ಅಂಕಿ ಬರೆಯಬೇಕು. ಟ್ಯಾಂಕರಿನವರು ಹೇಳುವ ಲೀಟರಿಗೂ ಮೀಟರ್ ತೋರಿಸುವ ಲೀಟರಿಗೂ ಇರುವ ವ್ಯತ್ಯಾಸ ಮೊದಲ ವಾರದಲ್ಲೇ ಗೊತ್ತಾಗುತ್ತದೆ.

ನಂತರ ರಾತ್ರಿಯ ಪರೀಕ್ಷೆ. ಪಂಪು ನಿಲ್ಲಿಸಿ ರಾತ್ರಿ ಒಂದು ಗಂಟೆಗೂ ನಾಲ್ಕು ಗಂಟೆಗೂ ಮೇಲಿನ ಟ್ಯಾಂಕಿನಲ್ಲಿ ನೀರಿನ ಎತ್ತರ ಗುರುತು ಮಾಡಿ. ಟ್ಯಾಂಕು ನಾಲ್ಕು ಮೀಟರ್ ಉದ್ದ, ಮೂರು ಮೀಟರ್ ಅಗಲವಿದ್ದರೆ ಒಂದು ಸೆಂಟಿಮೀಟರ್ ಇಳಿದರೂ 120 ಲೀಟರ್ ಹೋಯಿತೆಂದು ಅರ್ಥ. ಎಲ್ಲರೂ ಮಲಗಿದ ಹೊತ್ತಿನಲ್ಲಿ ಹತ್ತು ಸೆಂಟಿಮೀಟರ್ ಇಳಿದರೆ ಅದು ಸೋರಿಕೆ. ಬಹುಪಾಲು ಕಳ್ಳ ಫ್ಲಶ್ ಟ್ಯಾಂಕು. ಅದರೊಳಗೆ ಅಡುಗೆಗೆ ಹಾಕುವ ಬಣ್ಣ ಬೆರೆಸಿ ಅರ್ಧ ಗಂಟೆ ಫ್ಲಶ್ ಮಾಡದೆ ಬಿಡಿ. ಕಮೋಡಿನಲ್ಲಿ ಬಣ್ಣ ಕಂಡರೆ ಅಡಿಯ ರಬ್ಬರ್ ವಾಷರ್ ಹೋಗಿದೆ. ಸೆಕೆಂಡಿಗೊಂದು ಹನಿ ತೊಟ್ಟಿಕ್ಕುವ ನಲ್ಲಿಯಲ್ಲಿ ದಿನಕ್ಕೆ 15ರಿಂದ 20 ಲೀಟರ್ ಹೋಗುತ್ತದೆ, ಸೋರುವ ಫ್ಲಶ್ ಸದ್ದಿಲ್ಲದೆ ಅದರ ಹತ್ತು ಪಟ್ಟು ನುಂಗಬಲ್ಲದು.

ಮನೆ ಮೀಟರಿನಲ್ಲಿ ಎಡವುವ ಜಾಗ ಹಳೆಯ ಕಟ್ಟಡದ ಪೈಪುಗಳು. ಒಂದೊಂದು ಬಚ್ಚಲಿಗೂ ಅಡುಗೆಮನೆಗೂ ಬೇರೆ ಬೇರೆ ಇಳಿಪೈಪ್ ಇರುವುದರಿಂದ ಒಂದು ಮನೆಗೆ ಮೂರರಿಂದ ಐದು ಮೀಟರ್ ಬೇಕಾಗುತ್ತದೆ. ಮೀಟರ್ ಕೊಳ್ಳುವ ಮೊದಲು ಪ್ಲಂಬರ್ ಜೊತೆ ಶಾಫ್ಟಿಗೆ ಇಳಿದು ಎಣಿಸಿ. ಟ್ಯಾಂಕಿಗೆ ತೀರಾ ಹತ್ತಿರದ ಮೇಲಿನ ಎರಡು ಮಹಡಿಗಳಲ್ಲಿ ಒತ್ತಡ ಕಡಿಮೆ. ಅಲ್ಲಿ ಚಕ್ರ ತಿರುಗುವ ಮೀಟರ್ ಹಾಕಿದರೆ ಶವರ್ ಅಳುತ್ತದೆ, ಜನ ಬೈಯುತ್ತಾರೆ. ಒಳಗೆ ತಿರುಗುವ ಭಾಗವೇ ಇಲ್ಲದ ಅಲ್ಟ್ರಾಸಾನಿಕ್ ಮೀಟರ್ ಅಲ್ಲಿಗೆ ಸರಿ. ಪೈಪಿನಲ್ಲಿ ಗಾಳಿ ತುಂಬಿದರೂ ಚಕ್ರದ ಮೀಟರ್ ಓಡುತ್ತದೆ, ಆದ್ದರಿಂದ ಟ್ಯಾಂಕು ಪೂರ್ತಿ ಬರಿದಾಗಲು ಬಿಡಬೇಡಿ.

ಮೂರು ತಿಂಗಳು ಬರೀ ತೋರಿಸುವ ಬಿಲ್ಲು ಕೊಡಿ, ಹಣ ಹಳೆಯ ರೀತಿಯಲ್ಲೇ ವಸೂಲಿಯಾಗಲಿ. ಸೋರಿಕೆ ಸರಿಮಾಡಿಕೊಳ್ಳಲು ಜನರಿಗೆ ಆ ಸಮಯ ಬೇಕು. ನಾಲ್ಕು ಜನಕ್ಕೆ ತಲಾ 135 ಲೀಟರಿನಂತೆ ತಿಂಗಳಿಗೆ 16,000 ಲೀಟರ್ ಆಗುತ್ತದೆ. ಅಲ್ಲಿಯವರೆಗೆ ಅಸಲು ದರ, ಮೇಲಕ್ಕೆ ಟ್ಯಾಂಕರ್ ದರ ಎಂದು ಎರಡೇ ಹಂತ ಸಾಕು, ಆರು ಹಂತ ಮಾಡಿದರೆ ಯಾರಿಗೂ ಅರ್ಥವಾಗುವುದಿಲ್ಲ. ಮನೆ ಮೀಟರುಗಳ ಮೊತ್ತ ದೊಡ್ಡ ಮೀಟರಿಗೆ ಎಂದೂ ಸರಿಹೊಂದದು. ನೂರಕ್ಕೆ ಹತ್ತರೊಳಗಿನ ಅಂತರ ಸಹಜ.

ನಲ್ಲಿಯ ಬಾಯಿಗೆ ಕೂರಿಸಿ, ನೀರಿಗೆ ಗಾಳಿ ಬೆರೆಸಿ ಹರಿವು ತಗ್ಗಿಸುವ ಏರೇಟರನ್ನು 2024ರ ಮಾರ್ಚ್‌ನಲ್ಲೇ ಜಲಮಂಡಳಿ ಅಪಾರ್ಟ್‌ಮೆಂಟುಗಳಿಗೆ ಕಡ್ಡಾಯ ಮಾಡಿತು. ನಿಮಿಷಕ್ಕೆ 10–15 ಲೀಟರ್ ಸುರಿಯುವ ಕೈತೊಳೆಯುವ ನಲ್ಲಿ ಅದರಿಂದ 3ರಿಂದ 6 ಲೀಟರಿಗೆ ಇಳಿಯುತ್ತದೆ. ಬಕೆಟ್ ತುಂಬುವ ನಲ್ಲಿಗೂ ವಾಷಿಂಗ್ ಮಷೀನಿನ ನಲ್ಲಿಗೂ ಹಾಕಬೇಡಿ, ತುಂಬುವುದು ತಡವಾಗುತ್ತದೆಯೇ ಹೊರತು ನೀರು ಉಳಿಯದು. ಬೋರ್ ನೀರಿನ ಸುಣ್ಣ ಕಟ್ಟಿಕೊಂಡರೆ ಏರೇಟರ್ ಬಿಚ್ಚಿ ನಿಂಬೆರಸದಲ್ಲಿ ರಾತ್ರಿಯಿಡೀ ನೆನೆಸಿ.

ಹೂಳೆತ್ತಿದರೂ ತುಂಬದ ಕೆರೆ

*ಎರಡು ವರ್ಷದ ಹಿಂದೆ ಜೆಸಿಬಿ ತಂದು ಕೆರೆ ಹೂಳೆತ್ತಿದೆವು. ಒಳ್ಳೆ ಮಳೆಯಾದರೂ ಅರ್ಧ ಕೆರೆಯೂ ತುಂಬಲಿಲ್ಲ.*
— ಕೆರೆ ಬಳಕೆದಾರರು, ಮುಳಬಾಗಿಲು ತಾಲ್ಲೂಕು

ಕೆರೆಯ ತೊಂದರೆ ಕೆರೆಯಂಗಳದಲ್ಲಿ ಇರುವುದು ಅಪರೂಪ. ಮೇಲಿನಿಂದ ನಡೆದು ಬನ್ನಿ. ಕಂದಾಯ ನಕ್ಷೆ ಹಿಡಿದು, ಸರ್ವೇಯರನ್ನು ಕರೆದುಕೊಂಡು ಪ್ರತಿ ರಾಜಕಾಲುವೆಯ ಉದ್ದಕ್ಕೂ ಹೋಗಿ. ಎಲ್ಲಿ ಉತ್ತು ಬಿತ್ತಿದ್ದಾರೆ, ಎಲ್ಲಿ ರಸ್ತೆಗೆ ಸಣ್ಣ ಪೈಪ್ ಹಾಕಿ ನೀರು ಅಡ್ಡಗಟ್ಟಿದ್ದಾರೆ, ಎಲ್ಲಿ ಮರಳು ತೆಗೆದ ಹಳ್ಳವೇ ಕಾಲುವೆಯ ನೀರು ಕುಡಿಯುತ್ತಿದೆ, ಬರೆದುಕೊಳ್ಳಿ. ಮೇಲ್ಭಾಗದಲ್ಲಿ ನೀಲಗಿರಿ ತೋಪು ಎಷ್ಟಿದೆ ಎಂದೂ ನೋಡಿ. ಹೊಸದಾಗಿ ನೀಲಗಿರಿ ನೆಡುವುದನ್ನು ಸರ್ಕಾರ 2017ರಲ್ಲೇ ನಿಲ್ಲಿಸಿದೆ, ಹಳೆಯ ತೋಪುಗಳು ಮಾತ್ರ ಕಡಿದ ಬುಡದಿಂದ ಮತ್ತೆ ಚಿಗುರುತ್ತವೆ. ಮೇಲಿನ ಹೊಲಗಳ ಕೃಷಿ ಹೊಂಡಗಳೂ ಮೊದಲ ಮಳೆಯನ್ನು ಹಿಡಿದುಕೊಳ್ಳುತ್ತವೆ. ಅದು ತಪ್ಪಲ್ಲ. ಆದರೆ ಕೆರೆಯ ಲೆಕ್ಕದಲ್ಲಿ ಅದನ್ನೂ ಸೇರಿಸಬೇಕು.

ಹೂಳೆತ್ತುವಾಗ ಜೆಸಿಬಿ ಮಾಡುವ ದೊಡ್ಡ ಹಾನಿ ಹೂಳು ದಾಟಿ ಅಡಿಯ ಮಣ್ಣಿಗೆ ಇಳಿಯುವುದು. ಹೂಳು ಕಪ್ಪಾಗಿ ನುಣ್ಣಗಿರುತ್ತದೆ. ಬಣ್ಣ ಬದಲಾಗಿ ಕೆಂಪು ಗರಸು ಕಾಣಿಸಿದ ಕೂಡಲೇ ನಿಲ್ಲಿಸಬೇಕು. ಅಲ್ಲಲ್ಲಿ ಆಳವಾಗಿ ತೋಡಿದ ಗುಂಡಿಗಳಲ್ಲಿ ನಿಂತ ನೀರು ತೂಬಿನ ಮಟ್ಟಕ್ಕೆ ಏರುವುದಿಲ್ಲ, ದನಕರು ಮಕ್ಕಳು ಮುಳುಗುವುದೂ ಅಲ್ಲೇ. ಏರಿಯ ಬುಡಕ್ಕೆ ತಾಗಿ ಒಂದು ಬುಟ್ಟಿಯನ್ನೂ ತೆಗೆಯಬಾರದು. ಎಷ್ಟು ದೂರ ಬಿಡಬೇಕೆಂದು ಎಂಜಿನಿಯರ್ ಗೂಟ ಹೊಡೆದು ತೋರಿಸಲಿ. ಹೂಳನ್ನು ರೈತರಿಗೆ ಕೊಡಿ: ಒಂದೆಕರೆಗೆ ಒಂದಂಗುಲ ಹರಡಲು ನೂರು ಘನಅಡಿಯ ಟ್ರ್ಯಾಕ್ಟರ್ ಟ್ರೇಲರಿನಲ್ಲಿ 36 ಲೋಡ್ ಬೇಕು. ಸಾಗಿಸುವ ಖರ್ಚು ರೈತರದು, ಅಗೆಯುವ ಖರ್ಚು ಊರಿನದು ಎಂದಾದರೆ ಹೂಳು ದಂಡೆಯ ಮೇಲೆ ಗುಡ್ಡೆಯಾಗಿ ಉಳಿದು ಮತ್ತೆ ಕೆರೆಗೇ ಕೊಚ್ಚಿಕೊಂಡು ಬರುವುದು ತಪ್ಪುತ್ತದೆ.

ಕೋಡಿಗೆ ಮರಳುಚೀಲ ಇಟ್ಟು ಎತ್ತರಿಸುವ ಆಸೆ ಬೇಡ. ನೀರು ಹೊರಹೋಗಲು ಜಾಗ ಸಿಗದೆ ಏರಿಯ ಮೇಲೆ ಹರಿದರೆ ಒಂದೇ ರಾತ್ರಿಯಲ್ಲಿ ಏರಿ ಒಡೆಯುತ್ತದೆ. ಏರಿಯ ಮೇಲೆ ಒಣಗಿದ ಮರದ ಬೇರು, ಗೆದ್ದಲು ಹುತ್ತ, ಹೆಗ್ಗಣದ ಬಿಲ ಇದ್ದರೆ ಬೇಸಿಗೆಯಲ್ಲೇ ಅಗೆದು, ಮಣ್ಣು ತೇವ ಮಾಡಿ, ಪದರ ಪದರವಾಗಿ ಗುದ್ದಿ ಮುಚ್ಚಿ.

ತೂಬಿನ ಕೀಲಿ ಯಾರ ಕೈಲಿದೆ? ಹಿಂದೆ ನೀರುಗಂಟಿ ಇದ್ದರು. ಅಚ್ಚುಕಟ್ಟಿನ ಕೊನೆಯ ಗದ್ದೆಗೂ ಸರದಿ ಮುಟ್ಟಿಸಿ, ಸುಗ್ಗಿಯಲ್ಲಿ ಎಲ್ಲರಿಂದ ಕಾಳು ಪಡೆಯುತ್ತಿದ್ದರು. ಎಲ್ಲರಿಂದ ಪಡೆಯುತ್ತಿದ್ದುದರಿಂದಲೇ ಯಾರೊಬ್ಬರ ಕಡೆಯೂ ವಾಲುವಂತಿರಲಿಲ್ಲ. ಆ ಏರ್ಪಾಡನ್ನು ತಿಂಗಳ ಸಂಬಳದ ರೂಪದಲ್ಲಾದರೂ ಮತ್ತೆ ತನ್ನಿ. 40 ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟಿನ ಕೆರೆಯಾದರೆ ಸಣ್ಣ ನೀರಾವರಿ ಇಲಾಖೆಯನ್ನು ಕೇಳಬೇಕು, ಅದಕ್ಕಿಂತ ಚಿಕ್ಕದಾದರೆ ಪಂಚಾಯಿತಿಯನ್ನು.

ಕಟ್ಟ ಕಟ್ಟುವವರಿಲ್ಲ

*ನಮ್ಮ ತೋಡಿಗೆ (ಸಣ್ಣ ಹಳ್ಳಕ್ಕೆ) ಅಜ್ಜನ ಕಾಲದಲ್ಲಿ ಏಳು ಕಟ್ಟಗಳಿದ್ದವಂತೆ. ಈಗ ಒಂದೂ ಇಲ್ಲ, ಮಾರ್ಚ್‌ಗೇ ಬಾವಿ ಬತ್ತುತ್ತದೆ. ಕಿಂಡಿ ಅಣೆಕಟ್ಟು ಕಟ್ಟಿದ್ದಾರೆ, ಹಲಗೆ ಹಾಕುವವರಿಲ್ಲ.*
— ಅಡಿಕೆ ಕೃಷಿಕರು, ಪುತ್ತೂರು

ಮೂರೂವರೆ ಸಾವಿರ ಮಿ.ಮೀ. ಮಳೆಯ ಊರಿನಲ್ಲಿ ಮಾರ್ಚ್‌ಗೆ ಬಾವಿ ಬತ್ತಲು ಕಾರಣ ನೀವೇ ಬರೆದಿದ್ದೀರಿ. ಕಟ್ಟದ ಕೆಲಸ ನೀರನ್ನು ತೋಡಿನಲ್ಲಿ ನಿಲ್ಲಿಸಿ ಎರಡೂ ದಡಕ್ಕೆ ಕುಡಿಸುವುದು. ಅದಕ್ಕೇ ಮೊದಲ ಒಪ್ಪಂದ ಹೀಗಿರಲಿ: ಕಟ್ಟದಲ್ಲಿ ನಿಂತ ನೀರಿಗೆ ಯಾರೂ ಪಂಪು ಇಡಬಾರದು, ಅವರವರ ಬಾವಿಯಿಂದಲೇ ಎತ್ತಬೇಕು.

ನವೆಂಬರ್ ಕೊನೆಗೆ ತೋಡಿನ ಸೆಳೆತ ತಗ್ಗುವ ಹೊತ್ತಿಗೆ ಶುರುಮಾಡಿ. ಜನವರಿಗೆ ಕಟ್ಟಿದರೆ ನಿಲ್ಲಿಸಲು ನೀರೇ ಇರುವುದಿಲ್ಲ. ಕಟ್ಟ ಬರುವ ಸಾಲಿನಲ್ಲಿ ಮರಳು, ಎಲೆ, ಕೊಳೆತ ಕಡ್ಡಿ ಎಲ್ಲ ಎತ್ತಿ ಗಟ್ಟಿ ತಳ ಕಾಣುವವರೆಗೆ ಹೋಗಬೇಕು. ಅರ್ಧದಷ್ಟು ಕಟ್ಟಗಳು ಸೋರುವುದು ಈ ಒಂದು ದಿನದ ಕೆಲಸ ಉಳಿಸಹೋಗಿ. ಐವತ್ತು ಕಿಲೋ ಚೀಲಕ್ಕೆ ಮೂರನೇ ಎರಡು ಭಾಗ ಮಾತ್ರ ಮರಳು ತುಂಬಿ. ಬಿರಿಯುವಂತೆ ತುಂಬಿದ ಚೀಲಗಳ ನಡುವೆ ಸಂದು ಉಳಿಯುತ್ತದೆ, ಸಡಿಲ ಚೀಲ ಒಂದಕ್ಕೊಂದು ಒತ್ತಿ ಕೂರುತ್ತದೆ. ಇಟ್ಟಿಗೆಯಂತೆ ಸಂದಿಗೆ ಸಂದು ತಪ್ಪಿಸಿ ಪೇರಿಸಿ. ನೀರಿನ ಕಡೆ ಮುಖಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ ಇಳಿಬಿಟ್ಟು, ಅದರ ಅಂಚನ್ನು ತಳದಲ್ಲಿ ಹೂತು ಮಣ್ಣು ಮೆಟ್ಟಿ. ಎರಡೂ ದಡದೊಳಗೆ ಎರಡಡಿ ತೋಡಿ ಕಟ್ಟವನ್ನು ಸೇರಿಸಿ, ಇಲ್ಲವಾದರೆ ನೀರು ಬದಿಯಿಂದ ಕೊರೆದುಕೊಂಡು ಹೋಗುತ್ತದೆ. ಹೆಚ್ಚಿನ ನೀರು ನಡುವಿನಲ್ಲಿ ಹಾರಿ ಹೋಗುವಂತೆ ನಡುಭಾಗ ಅರ್ಧ ಅಡಿ ತಗ್ಗಿರಲಿ. ಮೇ ತಿಂಗಳಲ್ಲಿ ಬಿಚ್ಚಿ ಹಾಳೆ ಮಡಿಚಿಡಿ.

ಒಂದು ಕಟ್ಟದಿಂದ ಹೆಚ್ಚೇನೂ ಆಗದು. ಕೆಳಗಿನ ಕಟ್ಟದ ಹಿನ್ನೀರು ಮೇಲಿನದರ ಬುಡ ಮುಟ್ಟುವಂತೆ ಸರಣಿಯಾಗಿ ಬರಬೇಕು. ಲಾಭ ಪಡೆಯುವ ಮನೆಗಳಿಂದ ಎಕರೆ ಲೆಕ್ಕದಲ್ಲಿ ಆಳು ಅಥವಾ ಹಣ ಎಂದು ಮೊದಲೇ ಬರೆದಿಟ್ಟುಕೊಳ್ಳಿ. ಕಿಂಡಿ ಅಣೆಕಟ್ಟಿನದು ಇನ್ನೂ ಸುಲಭ. ಹಲಗೆಗಳಿಗೆ ಸಂಖ್ಯೆ ಬರೆದು, ಮಳೆಗಾಲದಲ್ಲಿ ಒಬ್ಬರ ಕೊಟ್ಟಿಗೆಯ ಅಟ್ಟದಲ್ಲಿಟ್ಟು, ಬೀಗದ ಕೈ ಯಾರಲ್ಲಿ ಎಂಬುದನ್ನು ಊರಿಗೆಲ್ಲ ತಿಳಿಸಿ. ಎರಡು ಸಾಲು ಹಲಗೆ ಇಳಿಸಿ ನಡುವೆ ಜೇಡಿಮಣ್ಣು ಗುದ್ದಿದರೆ ಸೋರುವುದಿಲ್ಲ.

ಶಾಲೆಯ ಮಾಳಿಗೆ ನೀರು ಸಾಕಾದೀತೇ?

*ನಮ್ಮ ಬೋರ್ ನೀರಿನಲ್ಲಿ ಫ್ಲೋರೈಡ್ ಇದೆ. 150 ಮಕ್ಕಳಿಗೆ ಮಳೆನೀರು ಕೂಡಿಡಬಹುದೇ? ಕುದಿಸಿ ಕುಡಿದರೆ ಸಾಲದೇ?*
— ಶಿಕ್ಷಕಿ, ಕೊಪ್ಪಳ ಜಿಲ್ಲೆ

ಕುದಿಸಬೇಡಿ. ಕುದಿಸಿದರೆ ನೀರು ಆವಿಯಾಗುತ್ತದೆ, ಫ್ಲೋರೈಡ್ ಅಲ್ಲೇ ಉಳಿದು ಇನ್ನಷ್ಟು ಗಟ್ಟಿಯಾಗುತ್ತದೆ. ಲೀಟರಿಗೆ 1 ಮಿಲಿಗ್ರಾಂವರೆಗೆ ಸರಿ, ಬೇರೆ ಮೂಲವೇ ಇಲ್ಲದಿದ್ದರೆ 1.5, ಅದಕ್ಕೂ ಮೀರಿದ್ದನ್ನು ಮಕ್ಕಳಿಗೆ ಕುಡಿಯಲು ಕೊಡಬಾರದು. ಪಂಚಾಯಿತಿಯಲ್ಲಿ ಸ್ಥಳದಲ್ಲೇ ಪರೀಕ್ಷಿಸುವ ಕಿಟ್ ಇರಬೇಕು, ಪ್ರತಿ ಊರಿನಲ್ಲಿ ಐವರು ಮಹಿಳೆಯರಿಗೆ ಅದರ ತರಬೇತಿ ಕೊಡಬೇಕೆಂಬುದು ಜಲಜೀವನ ಮಿಷನ್ನಿನ ನಿಯಮ. ಕೇಳಿ ಪಡೆಯಿರಿ.

ದಿನಕ್ಕೆ ತಲಾ 3 ಲೀಟರಿನಂತೆ 120 ಒಣ ದಿನಗಳಿಗೆ 54,000 ಲೀಟರ್ ಬೇಕು. ವರ್ಷಕ್ಕೆ 600 ಮಿ.ಮೀ. ಮಳೆಯಲ್ಲಿ ನೂರಕ್ಕೆ ಎಂಬತ್ತು ಹಿಡಿದರೂ ಮಾಳಿಗೆಯ ಒಂದು ಚದರ ಮೀಟರಿನಿಂದ 480 ಲೀಟರ್ ಸಿಗುತ್ತದೆ. ಅಂದರೆ ಎರಡು ಮೂರು ಕೋಣೆಗಳ ಮಾಳಿಗೆ, ಸುಮಾರು 113 ಚದರ ಮೀಟರ್ ಸಾಕು. ಮೊದಲ ಒಂದು ಮಿ.ಮೀ. ಮಳೆಯಲ್ಲಿ ಹಕ್ಕಿ ಹಿಕ್ಕೆ, ದೂಳು ಬರುತ್ತದೆ. ಆ 113 ಲೀಟರನ್ನು ಬೇರೆ ಮಾಡಲು 200 ಲೀಟರ್ ಡ್ರಮ್ ಇಟ್ಟು, ಅದು ತುಂಬಿದ ಮೇಲೆ ನೀರು ತೊಟ್ಟಿಗೆ ತಿರುಗುವಂತೆ ಪೈಪ್ ಜೋಡಿಸಿ. ಡ್ರಮ್ಮಿನ ಅಡಿಯ ನಲ್ಲಿಯನ್ನು ಮಳೆ ನಿಂತ ಮೇಲೆ ಬಿಚ್ಚಿ ಖಾಲಿ ಮಾಡಲು ಮರೆತರೆ ಮುಂದಿನ ಮಳೆಯ ಕೊಳೆ ನೇರ ತೊಟ್ಟಿಗೆ ಹೋಗುತ್ತದೆ. ಇದನ್ನು ಏಳನೇ ತರಗತಿಯವರ ಪಾಳಿಗೆ ಕೊಡಿ. ತೊಟ್ಟಿಗೆ ಬೆಳಕು ಬೀಳಬಾರದು, ಎಲ್ಲ ಬಾಯಿಗೂ ಸೊಳ್ಳೆ ಜಾಲರಿ ಬೇಕು. ಬ್ಲೀಚಿಂಗ್ ಪೌಡರ್ 1,000 ಲೀಟರಿಗೆ 4 ಗ್ರಾಂ. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನು ಮಾತ್ರ ಸುರಿದು ಅರ್ಧ ಗಂಟೆ ಬಿಡಿ. ಕಿಟ್ಟಿನಲ್ಲಿ ಕ್ಲೋರಿನ್ 0.2 ಮಿಲಿಗ್ರಾಂ ಉಳಿದಿರುವುದು ಕಾಣಬೇಕು. ಹಳೆಯ ಪೌಡರ್ ಸತ್ವ ಕಳೆದುಕೊಂಡಿರುತ್ತದೆ, ಸಣ್ಣ ಪೊಟ್ಟಣಗಳಲ್ಲೇ ತರಿಸಿ.

ಹಳೇ ನೀರು ಚೆಲ್ಲಬೇಕಾ?

*ನಮ್ಮ ಓಣಿಗೆ ಐದಾರು ದಿನಕ್ಕೊಮ್ಮೆ ನೀರು ಬರ್ತದ. ಹೊಸ ನೀರು ಬಂತಂದ್ರ ಎಲ್ಲಾರೂ ಹಳೇ ನೀರು ಗಟಾರಕ್ಕ ಚೆಲ್ತಾರ. ನೀರು ನಿಜವಾಗ್ಲೂ ಕೆಡ್ತದೇನ್ರಿ?*
— ಗೃಹಿಣಿ, ಹಳೇ ಹುಬ್ಬಳ್ಳಿ

ಮುಚ್ಚಿಟ್ಟ ನೀರು ಐದಾರು ದಿನದಲ್ಲಿ ಕೆಡುವುದಿಲ್ಲರೀ. ಕೆಡಿಸುವುದು ಕೈ. ತಂಬಿಗೆ ಸಮೇತ ಕೈ ಅದ್ದುವ ಕೊಡಕ್ಕೆ ಬದಲು ಬುಡದಲ್ಲಿ ನಲ್ಲಿ ಇರುವ ಪಾತ್ರೆ, ಇಲ್ಲವೇ ಉದ್ದ ಹಿಡಿಯ ಸೌಟು ಇಟ್ಟುಕೊಳ್ಳಿ. ಕುಡಿಯುವ ನೀರಿನ ಪಾತ್ರೆ, ಬಳಸುವ ನೀರಿನ ಬ್ಯಾರಲ್ ಎರಡೂ ಬೇರೆ ಇರಲಿ.

ಆದರೂ ವಾರಕ್ಕೊಮ್ಮೆ ಬ್ಯಾರಲ್ ಖಾಲಿ ಮಾಡಲೇಬೇಕು, ಕಾರಣ ಸೊಳ್ಳೆ. ಡೆಂಗಿ ಸೊಳ್ಳೆಯ ಮೊಟ್ಟೆ ಸೊಳ್ಳೆಯಾಗಿ ಹಾರಲು ಏಳರಿಂದ ಹತ್ತು ದಿನ ಸಾಕು. ನೀರು ಚೆಲ್ಲಿದ ಮಾತ್ರಕ್ಕೆ ಮೊಟ್ಟೆ ಹೋಗುವುದಿಲ್ಲ, ಬ್ಯಾರಲ್ಲಿನ ಗೋಡೆಗೆ ಅಂಟಿಕೊಂಡಿದ್ದು ಹೊಸ ನೀರು ಮುಟ್ಟಿದಾಗ ಒಡೆಯುತ್ತದೆ. ಹಾಗಾಗಿ ನೀರು ಬರುವ ದಿನ ಮುಂಜಾನೆ ಹಳೆಯ ನೀರಿನಲ್ಲಿ ಬಟ್ಟೆ ಒಗೆಯಿರಿ, ಅಂಗಳ ತೊಳೆಯಿರಿ, ಉಳಿದದ್ದನ್ನು ಗಿಡಕ್ಕೆ ಹಾಕಿ. ಬರಿದಾದ ಬ್ಯಾರಲ್ಲಿನ ಒಳಗೋಡೆಯನ್ನು, ಅದರಲ್ಲೂ ನೀರಿನ ಗೆರೆ ಬಿದ್ದ ಕಡೆ, ತೆಂಗಿನ ನಾರಿನಿಂದ ಬಿರುಸಾಗಿ ಉಜ್ಜಿ ಮತ್ತೆ ತುಂಬಿ. ಮುಚ್ಚಳ ಸಡಿಲವಿದ್ದರೆ ಹಳೆಯ ಹತ್ತಿ ಸೀರೆಯನ್ನು ಎರಡು ಮಡಿಕೆ ಮಾಡಿ ಬಾಯಿಗೆ ಬಿಗಿದು ಕಟ್ಟಿ.